ತುಟಿಗೆ ಕೂತ ಮಾತು

ಬಸ್ಸಿನಲ್ಲಿದ್ದ ಮೂವತ್ತೊಂದು ಜನ ಒಕ್ಕೊರಲಿನಿಂದ ಆ ಮಾತು ಹೇಳಿದಾಗ ಅವಳು ಏನೋ ಬೀಳಿಸಿಕೊಂಡವಳಂತೆ ಸೀಟಿನ ಕೆಳಕ್ಕೆ ಬಗ್ಗಿದಳು. ಏನೂ ಬಿದ್ದಿರಲಿಲ್ಲ. ಯಾರೋ ತಿಂದ ಬಿಸ್ಕತ್ತಿನ ಪುಡಿ, ಹರಿದ ಟಿಕೆಟ್ಟಿನ ಚೂರು, ಪಕ್ಕದಲ್ಲಿ ಅಕ್ಕನ ಎರಡು ಕಾಲು, ಅಷ್ಟೆ. ಟೂರಿನವನು ಡ್ರೈವರನ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಇನ್ನೊಂದು ಸಲ, ಇದು ಸಮುದ್ರಕ್ಕೆ ಕೇಳಿಸಬೇಕು ಎಂದು ಮೈಕಿನಲ್ಲಿ ಹುರಿದುಂಬಿಸುತ್ತಿದ್ದ. ಹೊರಟ ಎರಡನೆಯ ದಿನವೇ ಅವನಿಗೆ ಮೈಕಾಸುರ ಎಂದು ಹೆಸರು ಬಿದ್ದಿತ್ತು. ಅದು ಅವನ ಕಿವಿಗೂ ಬಿದ್ದು, ಅವನೇ ಅದನ್ನು ಹೇಳಿಕೊಂಡು ನಗುವಷ್ಟು ದೂರ ಬಂದಿತ್ತು. ಬಸ್ಸು ಮತ್ತೆ ಹೇಳಿತು: 'ಚಪ್ಪಲಿ ಇಲ್ಲೇ ಬಿಟ್ಟಿದಾನಮ್ಮ, ದೂರ ಹೋಗಿರಲ್ಲ.' ಹಿಂದಿನ ಸೀಟಿನ ಅತ್ತಿಗೆ ನಾದಿನಿಯರ ಜೋಡಿ ಎಲ್ಲರಿಗಿಂತ ಜೋರಾಗಿ ಕೂಗಿತು. ಅಕ್ಕ ಮಾತ್ರ ದನಿ ಎತ್ತಲಿಲ್ಲ. ಕಿಟಕಿಯಾಚೆ ನೋಡುತ್ತಾ ಬರೀ ತುಟಿ ಆಡಿಸಿದಳು, ತನ್ನ ಮನೆಯ ವಿಳಾಸವನ್ನು ತಾನೇ ಹೇಳಿಕೊಳ್ಳುವವಳ ಹಾಗೆ. ತಂಗಿಗೆ ಅದು ಬಗ್ಗಿದ್ದಲ್ಲಿಂದಲೇ ಕಂಡಿತು. ಇಷ್ಟು ಹೊತ್ತು ಬಗ್ಗಿದ್ದರೆ ಜನ ಏನೆಂದುಕೊಂಡಾರು ಎನಿಸಿ ಕೈಗೆ ಸಿಕ್ಕ ಟಿಕೆಟ್ಟಿನ ಚೂರನ್ನು ಎತ್ತಿಕೊಂಡು ಮೇಲೆದ್ದಳು.

ಸಿಕ್ಕಿತಾ ಎಂದು ಅಕ್ಕ ಕೇಳಿದಳು. ಸಿಕ್ಕಿತು ಎಂದಳು.

ಇದು ಒಂದು ಸೀರಿಯಲ್ಲಿನ ಭಕ್ತರ ಪ್ರವಾಸ. ಭಕ್ತರು ಎಂದು ಮೈಕಾಸುರನೇ ಅನ್ನುವುದು, ಯಾರಿಗೂ ಬೇಸರವಿಲ್ಲ. ಕಡಲಾಚೆಯ ಯಾವುದೋ ಜನ ತಮ್ಮ ಭಾಷೆಯಲ್ಲಿ ತೆಗೆದದ್ದು, ಅವಳ ಊರಿನ ಒಂದು ಮಹಡಿ ಸ್ಟುಡಿಯೋದಲ್ಲಿ ನಮ್ಮ ಮಾತು ತೊಡಿಸಿಕೊಂಡು, ಮನೆಮನೆಯ ಫೋನುಗಳಲ್ಲಿ ಓಡಿತ್ತು. ಈಗ ಜನ ದುಡಿದು ರಜೆ ಕೂಡಿಸಿಕೊಂಡು, ಅದನ್ನು ತೆಗೆದ ಜಾಗಗಳನ್ನು ನೋಡಲು ಬರುತ್ತಿದ್ದರು. ನಾಲ್ಕು ದಿನ. ಮೊದಲ ದಿನ ಸೀರಿಯಲ್ಲಿನ ತಾಯಿಯ ಮನೆ, ಅಂದರೆ ಒಂದು ಮನೆಯ ಹೊರಗೋಡೆ, ಏಕೆಂದರೆ ಒಳಗಿನದ್ದೆಲ್ಲ ಬೇರೆ ಕಡೆ ಕಟ್ಟಿದ ಸೆಟ್ಟು. ಆದರೂ ಅತ್ತಿಗೆ ನಾದಿನಿಯರು ಆ ಗೋಡೆಗೆ ಹಣೆ ಮುಟ್ಟಿಸಿದ್ದರು. ಎರಡನೆಯ ದಿನ ಬೇಕರಿ ಮತ್ತು ಶಾಲೆಯ ಗೇಟು. ಇವತ್ತು ಮೂರನೆಯ ದಿನ, ಭಾನುವಾರ, ಮೆಟ್ಟಿಲು. ದೋಣಿಕಟ್ಟೆಯ ಹದಿನೆಂಟು ಮೆಟ್ಟಿಲು. ಮಗನಿದ್ದ ದೋಣಿ ಮುಳುಗಿದ ಸುದ್ದಿ ಬಂದಾಗ ಆ ತಾಯಿ ಅಲ್ಲಿ ನಿಂತು ಆ ಮಾತು ಹೇಳುತ್ತಾಳೆ. ಎಲ್ಲರೂ ಬಂದದ್ದು ಇದಕ್ಕೇ. ಅವಳು ಬಂದದ್ದು ಅಕ್ಕನಿಗೆ ಜೊತೆ ಯಾರೂ ಇರಲಿಲ್ಲ ಎಂದು. ಬರುವುದಿಲ್ಲ ಎನ್ನಲು ಕಾರಣ ಒಂದೇ ಇತ್ತು, ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ಮಾತು ಕೂರಿಸುವುದು ಅವಳ ಕೆಲಸ. ಹಾಗೆಂದರೆ ಜನಕ್ಕೆ ಅರ್ಥವಾಗುವುದಿಲ್ಲ, ಅನುವಾದವಾ ಎನ್ನುತ್ತಾರೆ. ಅನುವಾದ ಬೇರೆ ಯಾರೋ ಮಾಡಿ ಕಳಿಸುತ್ತಾರೆ, ಒಣಗಿದ ಹಾಳೆಗಳ ಕಟ್ಟು. ಅವಳು ಅದನ್ನು ಇಟ್ಟುಕೊಂಡು ಪರದೆಯ ಮೇಲಿನ ಬಾಯಿಗಳನ್ನು ನೋಡುತ್ತಾಳೆ. ತುಟಿ ಎಲ್ಲಿ ಸೇರಿತು, ಎಲ್ಲಿ ಬಿಟ್ಟಿತು, ಎಷ್ಟು ಹೊತ್ತು ತೆರೆದಿತ್ತು. ತುಟಿ ಸೇರಿದ ಕಡೆ ಪ, ಬ, ಮ ಬೀಳಬೇಕು. ಬಾಯಿ ಅಗಲವಾದ ಕಡೆ ಅ, ಆ. ಅರ್ಥ ಆಮೇಲೆ ನೋಡಿಕೊಳ್ಳುವ ವಿಷಯ. ಹದಿನೇಳು ವರ್ಷದಿಂದ ಇದನ್ನೇ ಮಾಡಿ ಅವಳಿಗೆ ಮನುಷ್ಯರ ಮುಖದಲ್ಲಿ ಮೂಗಿನಿಂದ ಕೆಳಗಷ್ಟೇ ಕಾಣುತ್ತಿತ್ತು. ಗಂಡ ಸಿಟ್ಟಿನಲ್ಲಿ ಏನಾದರೂ ಅಂದರೆ, ಈ ಮಾತಿನಲ್ಲಿ ಎಷ್ಟು ಸಲ ತುಟಿ ಸೇರಿತು ಎಂದು ಎಣಿಸಿಕೊಂಡು, ಅಂದದ್ದೇನು ಎಂಬುದು ತಪ್ಪಿಹೋಗುತ್ತಿತ್ತು. ಅದು ಅವನಿಗೆ ಗೊತ್ತಾಗಿ ಇನ್ನಷ್ಟು ಸಿಟ್ಟು ಬರುತ್ತಿತ್ತು. ಅವನ ಸಿಟ್ಟು ನ್ಯಾಯವಾದದ್ದೇ ಎಂದು ಅವಳಿಗೂ ಅನಿಸುತ್ತಿತ್ತು.

ಆ ದೃಶ್ಯ ಮೂರು ದಿನ ಕಾಡಿಸಿತ್ತು. ಮೂಲದಲ್ಲಿ ಆ ತಾಯಿ ಹೇಳುವುದು ದೋಣಿಯ ನೀರು ಹೊರಹಾಕುವ ಪಂಪಿನ ವಿಷಯ. ಪಂಪು ರಿಪೇರಿ ಮಾಡಿಸಿದ ದೋಣಿ ಅದು, ಅದೆಲ್ಲಿ ಮುಳುಗುತ್ತೆ, ಎಂದು. ಅವರ ಭಾಷೆಯಲ್ಲಿ ಅದಕ್ಕೆ ಏನೋ ಒಂದು ಹದವಿತ್ತು. ನಮ್ಮಲ್ಲಿ ಹೇಳಿಸಿದರೆ ಮೆಕ್ಯಾನಿಕ್ಕು ಮಾತಾಡಿದ ಹಾಗಿತ್ತು. ತುಟಿ ಮೂರು ಸಲ ಸೇರುತ್ತಿತ್ತು: ಶುರುವಿನಲ್ಲಿ ಒತ್ತಿ, ನಡುವೆ ಮೆಲ್ಲಗೆ, ಆಮೇಲೆ ಸ್ವಲ್ಪ ಹೊತ್ತು ಸೇರಿಯೇ ಇದ್ದು. ಅಲ್ಲಿಗೆ ಆ ನಟಿ ಸಮುದ್ರದ ಕಡೆ ಮುಖ ತಿರುಗಿಸಿಬಿಡುತ್ತಾಳೆ. ಮುಖ ತಿರುಗಿದ ಮೇಲೆ ಏನು ಹೇಳಿದರೂ ನಡೆಯುತ್ತದೆ, ಕೇಳುವವರಿಲ್ಲ. ಮಾತು ಕೂರಿಸುವವರಿಗೆ ತಿರುಗಿದ ಮುಖವೆಂದರೆ ಬಿಟ್ಟಿ ಸಿಕ್ಕ ಜಾಗ. ಮೂರನೆಯ ದಿನ ಮಧ್ಯಾಹ್ನ ದನಿ ಕೊಡುವ ಹೆಂಗಸು ಗಾಜಿನಾಚೆ ಆಕಳಿಸುತ್ತಿದ್ದಳು. ಸೌಂಡಿನವನು, ಮೇಡಂ ಮಾತು ಕೂರ್ತಿಲ್ಲ, ಐದು ಗಂಟೆಗೆ ಬೇರೆಯವರು ಬರ್ತಾರೆ, ಎಂದು ಗಡಿಯಾರ ನೋಡಿದ. ಆಗ ಅವಳ ಬಾಯಿಂದ ಅದು ಬಂತು. ಹುಡುಕಿ ತೆಗೆದದ್ದಲ್ಲ. ಬಾಗಿಲ ಹಿಂದೆ ನಿಂತಿದ್ದವರು ಕರೆದ ಕೂಡಲೇ ಬಂದ ಹಾಗೆ ತಾನಾಗಿಯೇ ಬಂತು. ಬಂದದ್ದನ್ನು ಹಾಳೆಯ ಮೇಲೆ ಬರೆದು ಎರಡು ಕಡೆ ಒಂಚೂರು ತಳ್ಳಿ ಜರುಗಿಸಿದಳು, ಸಿಸ್ಟರ್ ಇದ್ದ ಕಡೆ ಅಮ್ಮ ಎಂದು ಹಾಕಿದಳು. ಕೂತಿತು. ದನಿಯ ಹೆಂಗಸು ಒಂದೇ ಟೇಕಿನಲ್ಲಿ ಹೇಳಿ ಹೆಡ್‌ಫೋನು ತೆಗೆದು, ಎಲ್ಲಿಂದ ಬರುತ್ತೆ ನಿಮಗೆ ಇಂಥಾ ಮಾತು, ಎಂದು ಕಣ್ಣೊರೆಸಿಕೊಂಡಳು.

'ಹಾಗೇ. ಹೊಳೀತು,' ಎಂದಿದ್ದಳು ಅವಳು.

ಕದ್ದದ್ದಕ್ಕಿಂತ ಆ ಎರಡು ಪದ ಅವಳನ್ನು ಹೆಚ್ಚು ತಿನ್ನುತ್ತಿತ್ತು. ಹೊಳೀತು ಎನ್ನುವಾಗ ಖುಷಿಯಾಗಿತ್ತು, ಅದೂ ಸುಳ್ಳಲ್ಲ. ಸ್ಟುಡಿಯೋದ ಮೆಟ್ಟಿಲಿಳಿಯುವಾಗ ಹಗುರಾಗಿದ್ದಳು, ಒಂದು ಕಾಫಿ ಕುಡಿದು, ಇನ್ನೊಂದು ಕುಡಿದಳು. ಎರಡನೆಯದನ್ನು ಮುಗಿಸುವಾಗ ತಾನು ಯಾರ ಬಾಯಿಂದ ಏನು ಎತ್ತಿಕೊಂಡು ಬಂದೆ ಎಂಬುದು ನೆನಪಾಯಿತು. ಆಗಲೂ ಮೇಲೆ ಹೋಗಿ ಅಳಿಸಬಹುದಿತ್ತು. ಐದು ಗಂಟೆಗೆ ಬೇರೆಯವರು ಬರುತ್ತಾರೆ ಎಂದುಕೊಂಡು ಬಸ್‌ಸ್ಟಾಪಿಗೆ ನಡೆದಳು. ಅದು ಸಂಜೆ ನಾಲ್ಕೂವರೆ. ಅದಕ್ಕೆ ಇಪ್ಪತ್ತೆರಡು ವರ್ಷ ಹಿಂದೆ, ಅಕ್ಕನ ಮಗ ಮಲಗಿದ್ದ ಆಸ್ಪತ್ರೆಯಲ್ಲೂ ನಾಲ್ಕೂವರೆಯೇ. ನೋಡಲು ಬರುವವರನ್ನು ಒಳಗೆ ಬಿಡುವ ಗಂಟೆ ಹೊಡೆದಿತ್ತು, ವಾರ್ಡಿನ ತುಂಬ ಕಿತ್ತಳೆ ಸಿಪ್ಪೆಯ ವಾಸನೆ, ಅವಳ ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಭಾವ ಕೆಳಗೆ ಔಷಧಿಯಂಗಡಿಯ ಸಾಲಿನಲ್ಲಿದ್ದರು. ಆರು ವರ್ಷದ ಹುಡುಗ, ಮೂರು ದಿನದ ಜ್ವರ. ನರ್ಸು ಬಂದು ಅವನ ಕೈ ಹಿಡಿದು ನೋಡಿ, ಕೊಳವೆ ತೆಗೆದು, ಅಕ್ಕನ ಭುಜದ ಮೇಲೆ ಕೈಯಿಟ್ಟಳು. ಅಕ್ಕ ಮಂಚದ ಮೇಲೆ ನೋಡಲಿಲ್ಲ, ಬಗ್ಗಿ ಮಂಚದ ಕೆಳಗೆ ನೋಡಿದಳು. ಅಲ್ಲಿ ಅವನ ಪುಟ್ಟ ಚಪ್ಪಲಿ, ಕಂದು ಬಣ್ಣದ್ದು, ಪಟ್ಟಿಗೆ ಹಿತ್ತಾಳೆ ಬಕಲು, ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದವು. ಅಕ್ಕ ನರ್ಸಿನ ಕಡೆ ತಿರುಗಿ, ಜಗಳವಿಲ್ಲದ ದನಿಯಲ್ಲಿ, ಅಂಗಡಿಗೆ ಬಂದವರಿಗೆ ಲೆಕ್ಕ ತಿಳಿಸಿ ಹೇಳುವಂತೆ, ಆ ಮಾತು ಹೇಳಿದಳು. ನರ್ಸು ತಲೆಯಾಡಿಸಿದಳು. ಕೇಳಿದವರು ನರ್ಸು ಮತ್ತು ಅವಳು, ಇಬ್ಬರೇ. ಭಾವ ಮೇಲೆ ಬಂದಾಗ ಅಕ್ಕ ಮಾತು ನಿಲ್ಲಿಸಿಯಾಗಿತ್ತು. ಆಮೇಲಿನ ಇಪ್ಪತ್ತೆರಡು ವರ್ಷ ಆ ಹುಡುಗನ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಭಾವ ಅದನ್ನು ಆಡದೆಯೇ ತೀರಿಕೊಂಡರು.

ಫೋನು ಬಂದದ್ದು ಸೀರಿಯಲ್ಲು ಬಿಡುಗಡೆಯಾಗಿ ಎರಡು ವಾರಕ್ಕೆ. ಅಕ್ಕ ಎಂದೂ ಹಗಲು ಹೊತ್ತು ಫೋನು ಮಾಡುವವಳಲ್ಲ. ಕನ್ನಡಕದ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದು, ಕೆಲಸದ ಹೊತ್ತಿನಲ್ಲಿ ಯಾರನ್ನೂ ಮಾತಿಗೆಳೆಯಬಾರದು ಎಂಬುದು ಅಭ್ಯಾಸವಾಗಿತ್ತು. ಆವತ್ತು ಉಸಿರು ಕಟ್ಟಿದವಳ ಹಾಗೆ, ನೋಡಿದೆಯೇನೇ, ಮೂರನೇ ಭಾಗದ ಕೊನೇದು ನೋಡಿದೆಯಾ, ಎಂದು ಕೇಳಿದಳು. ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಸಿಕ್ಕಿಬಿದ್ದೆ, ಇನ್ನು ಕಾಲು ಹಿಡಿಯುವುದೊಂದೇ ಬಾಕಿ ಎಂದುಕೊಂಡಳು. ಆದರೆ ಅಕ್ಕ ಅಳುತ್ತಿದ್ದಳು, ಅದು ಸಿಟ್ಟಿನ ಅಳುವಾಗಿರಲಿಲ್ಲ. ನಾನು ಹೇಳಿದ ಮಾತನ್ನೇ ಹೇಳುತ್ತಾಳೆ ಅವಳು, ಅಕ್ಷರ ಬಿಡದೆ, ಎಲ್ಲಿಯ ಊರೋ ಎಲ್ಲಿಯ ಜನವೋ, ನನ್ನ ಹಾಗೆಯೇ ಒಬ್ಬಳಿಗೆ ಆಗಿದೆ ನೋಡು. ಇಷ್ಟು ವರ್ಷ ನಾನು ಆವತ್ತು ಹುಚ್ಚಿಯ ಹಾಗೆ ಆಡಿದೆ ಅಂತ ಅಂದ್ಕೊಂಡಿದ್ದೆ ಕಣೇ, ತಾಯಂದಿರು ಹಾಗೇನಂತೆ. ಅದನ್ನೇನೂ ನೀನು ಮಾಡಿದ್ದಲ್ಲವಲ್ಲ, ಎಂದು ಅಕ್ಕ ಕೊನೆಗೆ ಕೇಳಿದ್ದಳು. ಅದು ಅನುಮಾನವೋ, ಬರೀ ಮಾತಿಗೆ ಕೇಳಿದ್ದೋ, ಇವತ್ತಿಗೂ ಗೊತ್ತಿಲ್ಲ. ಇಲ್ಲ, ನಾನು ಆ ಪತ್ತೇದಾರಿ ಸೀರಿಯಲ್ಲಿನಲ್ಲಿದ್ದೆ, ಇದು ಬೇರೆ ಕಂಪನಿಯವರದು, ಎಂದಳು ಅವಳು. ಅಷ್ಟಕ್ಕೆ ಬಿಡದೆ, ಸಂಕಟ ಎಲ್ಲ ಕಡೇನೂ ಒಂದೇ ಅಲ್ಲವಾ ಅಕ್ಕ, ಎಂದೂ ಸೇರಿಸಿದಳು. ಹಾಗೆನ್ನುವಾಗಲೇ ಇದು ಡಬ್ಬಿಂಗಿನ ಮಾತು, ಯಾವ ಮನುಷ್ಯರೂ ಹೀಗೆ ಆಡುವುದಿಲ್ಲ ಎಂದು ತಿಳಿಯಿತು. ಅಕ್ಕ ಮಾತ್ರ ಹೌದು ಕಣೇ ಹೌದು ಎಂದಳು.

ಅಲ್ಲಿಂದಾಚೆ ಅಕ್ಕ ಬದಲಾದಳು. ಬದಲಾದಳು ಎನ್ನುವುದೇ ತಂಗಿಗೆ ಸಿಕ್ಕ ಶಿಕ್ಷೆ. ಮೂಲೆ ಹಿಡಿದಿದ್ದವಳು ಸಂಜೆ ನಡೆಯಲು ಹೊರಟಳು, ಫೋನಿನಲ್ಲಿ ಆ ಸೀರಿಯಲ್ಲಿನವರ ಗುಂಪು ಸೇರಿಕೊಂಡಳು, ಹುಡುಗನ ಒಂದು ಫೋಟೋ ತೆಗೆದು ಗೋಡೆಗೆ ಹಾಕಿದಳು. ಊಟಕ್ಕೆ ಕೂತಾಗ, ಅವನಿದ್ದಿದ್ದರೆ ಈ ಪಲ್ಯ ಮುಟ್ಟುತ್ತಿರಲಿಲ್ಲ, ಎಂದು ನಕ್ಕಳು. ಇಪ್ಪತ್ತೆರಡು ವರ್ಷದಲ್ಲಿ ತಂಗಿಯಾಗಿ ಅವಳು ಕೊಡಲಾರದ್ದನ್ನು ಸುಳ್ಳೊಂದು ಹದಿನೈದು ದಿನದಲ್ಲಿ ಕೊಟ್ಟಿತ್ತು. ಹೇಳಿಬಿಟ್ಟರೆ ಅಕ್ಕನಿಗೆ ಸಿಕ್ಕಿದ್ದು ಹೋಗುತ್ತದೆ. ಹೇಳದಿದ್ದರೆ ತಾನು ಕಳ್ಳಿಯಾಗಿಯೇ ಉಳಿಯಬೇಕು. ಈ ಎರಡರ ನಡುವೆ ಅವಳು ಎರಡು ವರ್ಷ ಕಳೆದಿದ್ದಳು. ಕಳ್ಳಿಯಾಗಿ ಉಳಿಯುವುದೇ ಅಕ್ಕನಿಗಾಗಿ ತಾನು ಮಾಡುತ್ತಿರುವ ತ್ಯಾಗ ಎಂದು ಒಂದೊಂದು ದಿನ ತನ್ನನ್ನೇ ಮೆಚ್ಚಿಕೊಳ್ಳುವಷ್ಟು ಕೆಳಗೂ ಇಳಿದಿದ್ದಳು.

ಅದಕ್ಕಿಂತ ಕೆಳಗಿನದು ಈ ಬಸ್ಸಿನಲ್ಲಿ ನಡೆಯಿತು. ದಾರಿಯಾಚೆಯ ಸೀಟಿನಲ್ಲಿ ಔಷಧಿಯಂಗಡಿ ನಡೆಸುವ ಹೆಂಗಸೊಬ್ಬಳಿದ್ದಳು, ಮುಂಗೈಯಲ್ಲಿ ಆ ಮಾತನ್ನು ಹಚ್ಚೆ ಹಾಕಿಸಿಕೊಂಡಿದ್ದಳು. ದೂರ ಎಂಬುದರ ದೀರ್ಘ ಬಿಟ್ಟುಹೋಗಿ ದುರ ಎಂದಾಗಿತ್ತು, ಹಚ್ಚೆಯಾದ್ದರಿಂದ ತಿದ್ದುವಂತಿಲ್ಲ. ಹಚ್ಚೆಯವಳು ಅಕ್ಕನಿಗೆ ಹೇಳುತ್ತಿದ್ದಳು: ನಮ್ಮ ಭಾಷೇಲಿ ಅದನ್ನ ಬರೆದವರು ಯಾರೋ ಪುಣ್ಯಾತ್ಮರು ಕಣ್ರೀ, ಎಷ್ಟು ಹುಡುಕಿದ್ರೂ ಹೆಸರು ಸಿಗಲ್ಲ. ಹೆಸರು ಬರುವುದು ಕೊನೆಯಲ್ಲಿ, ಓದುವುದರೊಳಗೆ ಮುಂದಿನ ಭಾಗ ತಾನಾಗಿ ಶುರುವಾಗಿಬಿಡುತ್ತದೆ. ಅಕ್ಕ ಒಪ್ಪಲಿಲ್ಲ. ಬರೆಯೋದೇನು ಬಂತು, ಆ ತಾಯಿ ಹೇಳಿದ್ದನ್ನ ಹಾಗೇ ಹಾಕಿದ್ದಾರೆ ಅಷ್ಟೆ, ಎಂದಳು. ತಂಗಿಯ ಕಡೆ ತಿರುಗಿ, ಅಲ್ಲವಾ, ನಿನಗೇ ಗೊತ್ತಲ್ಲ, ಎಂದಳು. ಆಗ ಅವಳ ಎದೆಯೊಳಗೆ ಹಚ್ಚೆಯವಳ ಮಾತಿಗೆ ಅರಳಿ, ಅಕ್ಕನ ಮಾತಿಗೆ ಮುದುಡಿದ ಒಂದು ವಸ್ತುವಿತ್ತು. ಅದು ಹೆಮ್ಮೆ. ನಾನೇ ಬರೆದದ್ದು ಎಂದು ಎದ್ದು ನಿಂತು ಮೈಕು ಕಿತ್ತುಕೊಳ್ಳಬೇಕು ಎನಿಸಿದ್ದು ನಿಜ. ಬರೆದದ್ದು ಎಂಬ ಪದವನ್ನೇ ಆ ಕ್ಷಣ ಬಳಸಿದ್ದಳು, ಕದ್ದದ್ದು ಎಂದಲ್ಲ. ಹೌದು, ಹಾಗೇ ಹಾಕಿದ್ದಾರೆ, ಎಂದು ಅಕ್ಕನಿಗೆ ಹೇಳಿದಳು. ಅಕ್ಕ ಕೈ ಚಾಚಿ, ಹಚ್ಚೆಯವಳ ವಾರೆಯಾದ ಕನ್ನಡಕವನ್ನು ಕೇಳದೆಯೇ ನೇರ ಮಾಡಿದಳು.

ಮೆಟ್ಟಿಲು ಪರದೆಯಲ್ಲಿ ಕಂಡದ್ದಕ್ಕಿಂತ ಚಿಕ್ಕದಾಗಿತ್ತು, ಎಲ್ಲರೂ ಅದನ್ನೇ ಹೇಳಿದರು. ಬದಿಯಲ್ಲಿ ಹಗ್ಗ ಕಟ್ಟಿ ಸಾಲು ಮಾಡಿದ್ದರು. ಆ ನಟಿ ನಿಂತ ಏಳನೆಯ ಮೆಟ್ಟಿಲ ಮೇಲೆ ಬಿಳಿ ಬಣ್ಣದಲ್ಲಿ ಎರಡು ಪಾದ ಬರೆದು, ಒಬ್ಬೊಬ್ಬರೇ ಅಲ್ಲಿ ನಿಂತು ಸಮುದ್ರದ ಕಡೆ ನೋಡಿ ಫೋಟೋ ತೆಗೆಸಿಕೊಂಡು ಇಳಿಯಬೇಕು. ಬೇರೆ ಬೇರೆ ದೇಶದವರ ಬಸ್ಸುಗಳಿದ್ದವು. ಕಬ್ಬಿಣದ ಕಂಬಿಯುದ್ದಕ್ಕೂ ಸಾವಿರಾರು ನಟ್ಟು ಬೋಲ್ಟುಗಳನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದರು, ಗಾಳಿಗೆ ಅವು ಕಿಣಿಕಿಣಿ ಎನ್ನುತ್ತಿದ್ದವು. ಇದೇನು ಇದು ಗ್ಯಾರೇಜಿನ ಹಾಗೆ ಎಂದು ಅತ್ತಿಗೆ ನಾದಿನಿಯರು ಮುಖ ಕಿವುಚಿದರು. ಅದು ಪಂಪಿನ ನಟ್ಟು ಎಂದು ಗೊತ್ತಿದ್ದದ್ದು ಇಡೀ ಗುಂಪಿನಲ್ಲಿ ಅವಳೊಬ್ಬಳಿಗೆ. ಕಂಬಿಯ ಬುಡದಲ್ಲಿ, ನಟ್ಟುಗಳಿಗೆ ಸಂಬಂಧವೇ ಇಲ್ಲದೆ, ಮಕ್ಕಳ ಚಪ್ಪಲಿಗಳ ಒಂದು ಗುಪ್ಪೆ. ಹೊಸವು, ಹಳೆಯವು, ಒಂಟಿಯವು. ಅವಷ್ಟೂ ನಮ್ಮವರದೇ. ನಮ್ಮ ಭಾಷೆಯವರು ಬಂದಾಗಲೆಲ್ಲ ಚಪ್ಪಲಿ ಬಿಟ್ಟುಹೋಗಿದ್ದರು.

ಅಲ್ಲಿಯ ಗೈಡು ಕೆಂಪು ಕೊಡೆ ಎತ್ತಿ ಹಿಡಿದ ಎತ್ತರದ ಹೆಂಗಸು. ಅವಳು ತನ್ನ ಭಾಷೆಯಲ್ಲಿ ಮೈಕಾಸುರನನ್ನು ಕೇಳಿದಳು, ಬಹಳ ದಿನದಿಂದ ಕೇಳಬೇಕೆಂದಿದ್ದೆ, ನಿಮ್ಮ ಜನ ಯಾಕೆ ಚಪ್ಪಲಿ ಬಿಡುತ್ತಾರೆ, ಅದು ನಿಮ್ಮ ಧರ್ಮವಾ? ಮೈಕಾಸುರ ಆ ಮಾತನ್ನು ಅವಳ ಭಾಷೆಗೆ ತಿರುಗಿಸಿ ಹೇಳಿದ. ಕೊಡೆಯವಳು ಹುಬ್ಬು ಗಂಟು ಹಾಕಿ, ಇಲ್ಲವಲ್ಲ, ಅವಳು ಹಾಗೆ ಹೇಳುವುದೇ ಇಲ್ಲ, ಇಡೀ ಸೀರಿಯಲ್ಲಿನಲ್ಲಿ ಯಾರೂ ಚಪ್ಪಲಿಯ ಮಾತೇ ಎತ್ತುವುದಿಲ್ಲ, ಎಂದಳು. ತಂಗಿಗೆ ಆ ಭಾಷೆ ಅಷ್ಟಿಷ್ಟು ಬರುತ್ತಿತ್ತು, ಇಷ್ಟು ಅರ್ಥವಾಯಿತು. ಅವಳ ಬೆನ್ನು ಬೆವತಿತು. ಮೈಕಾಸುರ ಗುಂಪಿನ ಕಡೆ ತಿರುಗಿ ಮೈಕು ಎತ್ತಿ, ನಿಮ್ಮ ಪ್ರೀತಿ ನೋಡಿ ಅವರಿಗೆ ಹೃದಯ ತುಂಬಿ ಬಂತಂತೆ, ಎಂದ. ಜನ ಚಪ್ಪಾಳೆ ತಟ್ಟಿದರು. ಕೊಡೆಯವಳು ಏನೂ ತಿಳಿಯದೆ ನಕ್ಕಳು. ತನ್ನ ಕಸುಬಿನವನೇ ಇವನೂ ಎಂದು ಅವಳಿಗೆ ಆ ಬೆವರಿನಲ್ಲೂ ಅನಿಸಿತು. ಕೊಡೆಯವಳು ಇನ್ನೊಂದು ವಿಷಯ ಹೇಳಿದಳು, ಅದನ್ನು ಮೈಕಾಸುರ ಸರಿಯಾಗಿಯೇ ತಿರುಗಿಸಿದ: ಇಟ್ಟದ್ದನ್ನೆಲ್ಲ ಸೋಮವಾರ ಬೆಳಿಗ್ಗೆ ಗುಡಿಸಿ ಲಾರಿಗೆ ಹಾಕುತ್ತಾರೆ, ಬೆಲೆಬಾಳುವುದೇನೂ ಇಡಬೇಡಿ.

ಸಾಲು ಸರಿಯುತ್ತಿತ್ತು. ಒಬ್ಬೊಬ್ಬರೂ ಬಿಳಿ ಪಾದದ ಮೇಲೆ ನಿಂತು ಆ ಮಾತು ಹೇಳಿ, ತಂದ ಚಪ್ಪಲಿ ಇಟ್ಟು, ಫೋಟೋ ತೆಗೆಸಿಕೊಂಡು ಕಣ್ಣೊರೆಸುತ್ತಾ ಇಳಿಯುತ್ತಿದ್ದರು. ಹಚ್ಚೆಯವಳು ಬಿಕ್ಕಿ ಬಿಕ್ಕಿ ಅತ್ತಳು. ತಂಗಿಗೆ ನಗು ಬರಬೇಕಿತ್ತು, ಬರಲಿಲ್ಲ. ಅವರ ಅಳು ಸಾಚಾ ಆಗಿತ್ತು. ಏನೇನು ಕಳೆದುಕೊಂಡಿದ್ದಾರೋ, ಎಲ್ಲಿಯೂ ಅಳಲು ಜಾಗ ಸಿಗದೆ ಇಷ್ಟು ದೂರ ಬಂದಿದ್ದಾರೆ, ಇಲ್ಲಿ ನೋಡಿದರೆ ನನ್ನ ತುಟಿಯ ಲೆಕ್ಕ, ಎಂದುಕೊಂಡಳು. ಇನ್ನು ನಾಲ್ಕು ಜನ ಇರುವಾಗ ಅಕ್ಕ ಚೀಲದೊಳಗೆ ಕೈ ಹಾಕಿ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಅದರಲ್ಲಿದ್ದದ್ದು ನೀಲಿ ಕ್ಯಾನ್ವಾಸ್ ಶೂ. ಗೇಣುದ್ದ, ಬೆರಳ ಕಡೆ ಬಿಳಿ ರಬ್ಬರು ಹಳದಿಯಾಗಿ ಬಿರುಕು ಬಿಟ್ಟಿತ್ತು, ಒಂದರ ದಾರ ಇನ್ನೂ ಗಂಟು ಹಾಕಿದ್ದ ಹಾಗೇ ಇತ್ತು.

ಯಾರದಿದು ಎಂದು ಅವಳು ಕೇಳಿದಳು, ಗೊತ್ತಾಗದೆಯೇ ಕೇಳಿದಳು.

'ಯಾರದು ಅಂದ್ರೆ? ಅವನದೇ. ಮಂಚದ ಕೆಳಗಿತ್ತಲ್ಲ,' ಎಂದಳು ಅಕ್ಕ.

'ಮಂಚದ ಕೆಳಗೆ ಚಪ್ಪಲಿ ಅಲ್ವಾ ಇದ್ದಿದ್ದು? ಕಂದು ಬಣ್ಣದ್ದು, ಬಕಲಿರೋದು.'

'ಅವನಿಗೆ ಚಪ್ಪಲಿ ಎಲ್ಲಿತ್ತೇ? ಸ್ಕೂಲಿಂದ ಹಾಗೇ ಎತ್ಕೊಂಡು ಹೋಗಿದ್ವಿ. ನಾನೂ ಯೋಚನೆ ಮಾಡಿದೆ, ಶೂ ನೋಡಿಕೊಂಡು ಚಪ್ಪಲಿ ಅಂತ ಯಾಕಂದೆ ಅಂತ. ಗಾಬರೀಲಿ ಅಂದಿರ್ತೀನಿ.'

ಕಂದು ಚಪ್ಪಲಿ ಎಲ್ಲಿಂದ ಬಂತು ಎಂದು ಅವಳಿಗೆ ಆಗ ತಿಳಿಯಿತು. ಅದು ಸೀರಿಯಲ್ಲಿನ ಹುಡುಗನದು, ಎರಡನೆಯ ಭಾಗದಲ್ಲಿ ಅವನು ಅದನ್ನು ಹಾಕಿಕೊಂಡು ಬೇಕರಿಗೆ ಓಡುತ್ತಾನೆ. ಮಾತು ಕೂರಿಸುವಾಗ ಅದನ್ನೂ ಎಷ್ಟೋ ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದಳು. ಆ ವಾರ್ಡು, ಆ ಕಿತ್ತಳೆ ವಾಸನೆ, ಮಂಚದ ಕೆಳಗಿನ ನೆರಳು ಎಲ್ಲ ಹಾಗೆಯೇ ಉಳಿದು, ಆ ಒಂದು ಜಾಗದಲ್ಲಿ ಮಾತ್ರ ಬೇರೆ ಹುಡುಗನ ಕಾಲಿನದು ಬಂದು ಕೂತಿತ್ತು. ಶೂ ಎನ್ನುವಾಗ ತುಟಿ ಸೇರುವುದಿಲ್ಲ, ಬರೀ ಮುಂದಕ್ಕೆ ಚಾಚುತ್ತದೆ. ಅದಕ್ಕೇ ಅದನ್ನು ತೆಗೆದು ಚಪ್ಪಲಿ ಎಂದು ಹಾಕಿದ್ದಿರಬೇಕು. ತೆಗೆದದ್ದು ನೆನಪಿರಲಿಲ್ಲ. ಸಿಸ್ಟರ್ ತೆಗೆದದ್ದು ನೆನಪಿತ್ತು, ಇದು ಇರಲಿಲ್ಲ.

ಮುಂದೆ ಇಬ್ಬರೇ ಉಳಿದಿದ್ದರು. ಅಕ್ಕ ಶೂವಿನ ಬಿಡಿ ದಾರವನ್ನು ಒಳಗೆ ತುರುಕುತ್ತಿದ್ದಳು. ಇಪ್ಪತ್ನಾಲ್ಕು ವರ್ಷ ಇಟ್ಟುಕೊಂಡಿದ್ದೆ, ಇನ್ನು ನಾನು ಎಷ್ಟು ದಿನ ಇರ್ತೀನೋ, ನಾನು ಹೋದ ಮೇಲೆ ಯಾರೋ ಎಸೀತಾರೆ, ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ನಾಳೆ ಸೋಮವಾರ ಅಕ್ಕ, ಗುಡಿಸಿಬಿಡ್ತಾರೆ ಅಂದ್ರಲ್ಲ, ಎಂದು ಅವಳು ತಡೆದಳು. ಗುಡಿಸಲಿ, ಒಂದು ದಿನ ಆ ತಾಯಿಯ ಹತ್ತಿರ ಇದ್ದರೆ ಸಾಕು, ಎಂದಳು ಅಕ್ಕ. ಇದು ಬೇಡ, ಬೇರೆ ಏನಾದರೂ ಕೊಂಡು ತಂದು ಇಡೋಣ, ಎಂದಳು ತಂಗಿ. ಅಕ್ಕ ಅವಳ ಮುಖ ನೋಡಿದಳು. ಅಂಗಡಿಯಲ್ಲಿ ಗಿರಾಕಿಯ ಕಣ್ಣು ನೋಡುತ್ತಿದ್ದ ಹಾಗೆ, ಹತ್ತಿರದಿಂದ.

'ಬೇರೆ ಏನು ಇಡ್ಲಿ? ನಾನು ಹೇಳಿದ ಮಾತನ್ನೇ ಹೇಳಿದವಳು ಲೋಕದಲ್ಲಿ ಇನ್ನೊಬ್ಬಳಿದಾಳೆ. ಅವಳ ಹತ್ರ ಇಡದೆ ಯಾರ ಹತ್ರ ಇಡ್ಲಿ?'

ಅವಳು ಅಕ್ಕನ ಮೊಣಕೈ ಹಿಡಿದು ಸಾಲಿನಿಂದ ಹೊರಗೆಳೆದಳು. ಹಗ್ಗ ಕಾಲಿಗೆ ಸಿಕ್ಕಿ ಇಬ್ಬರೂ ಮುಗ್ಗರಿಸಿದರು. ಹಿಂದಿನವರು, ಯಾಕ್ರೀ ಏನಾಯ್ತು, ಎಂದು ಕೇಳಿ, ತಾವೇ ಮುಂದೆ ಸರಿದರು. ಕಟ್ಟೆಯ ಗೋಡೆಗೆ ಒರಗಿ, ಅಕ್ಕನ ಮುಖ ನೋಡದೆ, ಕಂಬಿಗೆ ಕಟ್ಟಿದ್ದ ಒಂದು ನಟ್ಟನ್ನು ಹಿಡಿದುಕೊಂಡು ಹೇಳಿದಳು. ಬೇರೆ ಕಂಪನಿ ಎಂದದ್ದು ಸುಳ್ಳು. ಅದನ್ನು ಕೂರಿಸಿದವಳು ನಾನೇ. ಅವಳು ಹೇಳುವುದು ಪಂಪಿನ ವಿಷಯ. ಮಾತು ಕೂರಲಿಲ್ಲ, ಹೊತ್ತಾಗಿತ್ತು, ನೀನು ಆಸ್ಪತ್ರೆಯಲ್ಲಿ ಅಂದದ್ದು ಬಾಯಿಗೆ ಬಂತು, ಹಾಕಿಬಿಟ್ಟೆ. ಹೊಳೀತು ಎಂದದ್ದನ್ನೂ ಹೇಳಿದಳು, ಎರಡು ಕಾಫಿ ಕುಡಿದದ್ದನ್ನೂ ಹೇಳಿದಳು. ಯಾವುದನ್ನು ಹೇಳಿದರೆ ಸಾಕಾಗುತ್ತದೆ ಎಂದು ತಿಳಿಯದೆ ಬೇಕಾದ್ದು ಬೇಡವಾದ್ದು ಎಲ್ಲ ಹೇಳಿದಳು. ಹೊಡೆದರೆ ಒಳ್ಳೆಯದು ಎಂದು ಒಳಗೊಳಗೇ ಕಾಯುತ್ತಿದ್ದಳು.

ಶೂ ಎರಡೂ ಅಕ್ಕನ ಎದೆಯ ಹತ್ತಿರ ಇದ್ದವು.

'ಹಾಗಾದ್ರೆ ಅವಳು ಅನ್ನಲೇ ಇಲ್ವಾ?' ಎಂದಳು ಅಕ್ಕ.

'ಇಲ್ಲ ಅಕ್ಕ.'

'ನಾನೊಬ್ಬಳೇ ಅಂದಿದ್ದು.'

ಅದು ಪ್ರಶ್ನೆಯಾಗಿರಲಿಲ್ಲ. ಅವಳು ತಪ್ಪಾಯಿತು ಎಂದಳು. ಆ ಪದವೂ ಸ್ಟುಡಿಯೋದಲ್ಲಿ ನೂರಾರು ಬಾಯಿಗೆ ತೊಡಿಸಿದ್ದೇ ಆಗಿತ್ತು, ತನ್ನದೆಂದು ಹೇಳಲು ಅವಳ ಹತ್ತಿರ ಬೇರೆ ಪದ ಇರಲಿಲ್ಲ. ಅಕ್ಕ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೆಟ್ಟಿಲ ಮೇಲೆ ಮೈಕಾಸುರ ಯಾರಿಗೋ ಸ್ವಲ್ಪ ಎಡಕ್ಕೆ, ಸಮುದ್ರ ಕಾಣಲಿ, ಎನ್ನುತ್ತಿದ್ದ. ಅಕ್ಕ ಮೆಲ್ಲಗೆ ಆ ಕಟ್ಟೆಯ ಮೇಲೆ ಕೂತು, ಶೂಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡನ್ನೂ ಒಂದೇ ಕಡೆ ಮುಖ ಮಾಡಿಸಿದಳು. ಆಮೇಲೆ ಅವಳ ಹಣೆಯಲ್ಲಿ ಒಂದು ಗೆರೆ ಮೂಡಿತು, ಕಳೆದ ಸಾಮಾನು ಎಲ್ಲಿಟ್ಟೆ ಎಂದು ಯೋಚಿಸುವವರ ಗೆರೆ.

'ಹಾಗಾದ್ರೆ ಚಪ್ಪಲಿ ಅಂತ ನಾನು ಅಂದಿಲ್ಲ,' ಎಂದಳು.

'ಇಲ್ಲ. ಅದು ನಾನು ಹಾಕಿದ್ದು.'

'ಮತ್ತೆ ನಾನು ಏನಂದೆ? ನಾಲ್ಕು ಸಲ ನೋಡಿದೀನಿ ಕಣೇ ಅದನ್ನ, ಈಗ ನನಗೆ ಅವಳು ಹೇಳಿದ್ದೇ ಬರುತ್ತೆ. ನೀನಿದ್ದೆಯಲ್ಲ, ಪಕ್ಕದಲ್ಲೇ ನಿಂತಿದ್ದೆ. ಹೇಳು, ಆವತ್ತು ನಾನು ಏನಂದೆ?'

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಆತುರವಿತ್ತು. ಕೇಳಲು ಬೇರೆ ಯಾರೂ ಇರಲಿಲ್ಲ. ತಂಗಿ ಕಣ್ಣು ಮುಚ್ಚಿಕೊಂಡು ಆ ವಾರ್ಡಿಗೆ ಹೋದಳು. ಫ್ಲಾಸ್ಕು ಇತ್ತು. ನರ್ಸಿನ ಕೈ ಇತ್ತು. ಅಕ್ಕ ಬಗ್ಗಿದಳು, ಎದ್ದಳು, ತಿರುಗಿದಳು, ಬಾಯಿ ತೆರೆದಳು. ಶೂ ಇಲ್ಲೇ ಇದೆ ಸಿಸ್ಟರ್ ಎಂದಳೇ? ಶೂ ಹಾಕ್ಕೊಂಡಿಲ್ಲ ಅವನು ಎಂದಳೇ? ಅಥವಾ ಅದು ಶೂವಿನ ಮಾತೇ ಆಗಿರದೆ, ದೂರ ಎಂದೂ ಅನ್ನದೆ, ಬೇರೆ ಏನೋ, ಇನ್ನೂ ಚಿಕ್ಕದಾದ ಒಂದು ಮಾತೋ? ಒಂದೊಂದನ್ನೂ ಅಕ್ಕನ ಆ ಹಳೆಯ ಮುಖಕ್ಕೆ ಹಚ್ಚಿ ನೋಡಿದಳು. ಎಲ್ಲವೂ ಕೂರುತ್ತಿದ್ದವು, ಯಾವುದೂ ಅದಾಗಿರಲಿಲ್ಲ. ಕೊನೆಗೆ ಕಂಡದ್ದು ದನಿಯಿಲ್ಲದೆ ಆಡುವ ಎರಡು ತುಟಿ ಮಾತ್ರ. ಅಕ್ಕ ಕಾಯುತ್ತಿದ್ದಳು, ಒಂದು ಕೈಯಲ್ಲಿ ತಂಗಿಯ ಕೈ ಹಿಡಿದುಕೊಂಡಿದ್ದಳು.

'ಗೊತ್ತಿಲ್ಲ ಅಕ್ಕ,' ಎಂದಳು. 'ನಾನು ತಿದ್ದಿಬಿಟ್ಟಿದೀನಿ.'